ಒಂದು ಲಕ್ಷ ಹದಿನೆಂಟು ಸಾವಿರ ಕ್ಲಿಕ್ಕು

ಕ್ಯಾಮೆರಾ ಮಾರಿಬಿಡೋಣ ಎಂದು ಮೊದಲು ಬಾಯಿಬಿಟ್ಟವಳು ಹೆಂಡತಿ. ಮಗಳು ಹೋಗಿ ಎಂಟು ತಿಂಗಳಾಗಿತ್ತು. ಅವಳ ಬಟ್ಟೆಬರೆ ಚಿಕ್ಕಮ್ಮನ ಮಕ್ಕಳ ಪಾಲಾಗಿತ್ತು. ಲ್ಯಾಪ್‌ಟಾಪು ಸೋದರಮಾವನ ಮನೆ ಸೇರಿ, ಅದರೊಳಗಿದ್ದದ್ದೆಲ್ಲ ಅಳಿಸಿಹೋಗಿ, ಈಗ ಅಲ್ಲಿ ಯಾರೋ ಪರೀಕ್ಷೆಗೆ ಓದುತ್ತಿದ್ದರು. ಮಂಚವನ್ನೂ ಬಿಚ್ಚಿ ಅಟ್ಟಕ್ಕೆ ಹಾಕಿಯಾಗಿತ್ತು. ಉಳಿದದ್ದು ಕಪಾಟಿನ ಮೇಲಿನ ಅರೆಯಲ್ಲಿ ಕಪ್ಪು ಚೀಲದೊಳಗೆ ಕೂತಿದ್ದ ಕ್ಯಾಮೆರಾ ಒಂದೇ.

"ಕಪಾಟು ತೆಗೆದಾಗಲೆಲ್ಲ ಕಣ್ಣಿಗೆ ಬೀಳುತ್ತೆ ಕಣ್ರೀ," ಎಂದಳು. "ಯಾರಾದ್ರೂ ಉಪಯೋಗಿಸೋರ ಕೈಗೆ ಹೋಗ್ಲಿ."

ನಿಧಾನಪ್ಪ ಸುಮ್ಮನೆ ತಲೆಯಾಡಿಸಿದ. ನಿಧಾನಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಮೂವತ್ತೊಂದು ವರ್ಷ ಊರೊಳಗೆ ಬಸ್ಸು ಓಡಿಸಿದವನು ಅವನು. ಒಂದು ದಿನವೂ ಗಾಡಿಗೊಂದು ಗೀರು ಮಾಡಿಕೊಂಡವನಲ್ಲ. ಅವನ ಹಿಂದೆ ಸಿಕ್ಕಿಕೊಂಡ ಉಳಿದ ಡ್ರೈವರುಗಳು ಹೊಟ್ಟೆ ಉರಿದುಕೊಂಡು ಆ ಹೆಸರು ಕಟ್ಟಿದ್ದರು. ಅದು ಡಿಪೋದಿಂದ ಬೀದಿಗೆ ಬಂತು, ಬೀದಿಯಿಂದ ಮನೆಗೆ. ಹೆಂಡತಿ ಕೋಪ ಬಂದಾಗ ಹಾಗೇ ಕರೆಯುತ್ತಿದ್ದಳು. ಮಗಳು ತೀರಿಕೊಂಡ ಐದು ತಿಂಗಳಿಗೆ ಅವನಿಗೆ ನಿವೃತ್ತಿಯಾಯಿತು. ಸ್ಟೀರಿಂಗ್ ಬಿಟ್ಟ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಈಗ ದಿನಾ ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದ.

ಪಕ್ಕದ ಮನೆಯಾಕೆ ಕ್ಯಾಮೆರಾದ ಫೋಟೋ ತೆಗೆದು, ಮಾರಾಟಕ್ಕಿದೆ ಎಂದು ಫೋನಿನಲ್ಲಿ ಹಾಕಿಕೊಟ್ಟಳು. ಎರಡೇ ದಿನದಲ್ಲಿ ಒಬ್ಬಳು ಫೋನು ಮಾಡಿ, ಶನಿವಾರ ಹತ್ತು ಗಂಟೆಗೆ ಬರುತ್ತೇನೆಂದು ಹೇಳಿ, ಹತ್ತಕ್ಕೆ ಐದು ನಿಮಿಷ ಇರುವಾಗಲೇ ಬಾಗಿಲು ತಟ್ಟಿದಳು. ಮೂವತ್ತೈದರ ಆಸುಪಾಸಿನವಳು. ಶಾಲೆಯಿಂದ ಶಾಲೆಗೆ ಅಲೆದು ತರಗತಿಗಳ ಗುಂಪು ಫೋಟೋ ತೆಗೆಯುವುದು ಅವಳ ಕೆಲಸ.

"ಅಂಕಲ್, ಬೇಜಾರು ಮಾಡ್ಕೋಬೇಡಿ, ನಾನು ಸ್ವಲ್ಪ ಕೆದಕಿ ಕೆದಕಿ ನೋಡೋಳು," ಎಂದಳು ಚಪ್ಪಲಿ ಬಿಡುತ್ತಲೇ. "ಹೋದ ವರ್ಷ ಸೆಕೆಂಡ್ ಹ್ಯಾಂಡ್ ತಗೊಂಡು ಚೆನ್ನಾಗಿ ಟೋಪಿ ಹಾಕಿಸ್ಕೊಂಡಿದೀನಿ. ನಲವತ್ತು ಮಕ್ಕಳನ್ನ ಬೆಂಚು ಹತ್ತಿಸಿ ನಿಲ್ಲಿಸಿದೀನಿ, ಹೆಡ್‌ಮಾಸ್ಟ್ರು ಕೂದಲು ಬಾಚ್ಕೊಂಡು ಬಂದು ನಡುವೆ ಕೂತಿದಾರೆ, ಅಷ್ಟರಲ್ಲಿ ಷಟರ್ ಕೈ ಕೊಡ್ತು."

"ನೋಡಮ್ಮ, ಎಷ್ಟು ಬೇಕಾದ್ರೂ ನೋಡು," ಎಂದ ನಿಧಾನಪ್ಪ. ಅವನಿಗೆ ಅವಳ ಮಾತು ಹಿಡಿಸಿತು. ಡಿಪೋದಲ್ಲಿ ಹಳೇ ಗಾಡಿ ಕೊಳ್ಳಲು ಬರುವವರಲ್ಲಿ ಬಣ್ಣ ನೋಡುವವರು ಮೋಸ ಹೋಗುತ್ತಿದ್ದರು, ಅಂಗಿ ಕೊಳೆ ಮಾಡಿಕೊಂಡು ಗಾಡಿಯ ಅಡಿಗೆ ನುಸುಳುವವರು ಬಚಾವಾಗುತ್ತಿದ್ದರು. "ನಮ್ಮ ಹುಡುಗಿ ಇದನ್ನ ಹತ್ತು ಸಲ ಹೊರಗೆ ತೆಗೆದಿದ್ರೆ ಹೆಚ್ಚು. ಹೊಸದರ ಹಾಗೇ ಇದೆ."

ಅವಳು ಮೇಜಿನ ಮೇಲೆ ಒಂದು ಬಿಳಿ ಬಟ್ಟೆ ಹಾಸಿ, ಕ್ಯಾಮೆರಾವನ್ನು ಅದರ ಮೇಲಿಟ್ಟು, ಲೆನ್ಸು ತಿರುಗಿಸಿ ಬಿಚ್ಚಿದಳು. ಒಳಗೆ ನೀಲಿ ಹೊಳಪಿನ ಚೌಕ ಕಾಣಿಸಿತು.

"ಹಳೇ ಕ್ಯಾಮೆರಾದಲ್ಲಿ ಇಲ್ಲೊಂದು ಕನ್ನಡಿ ಇರ್ತಿತ್ತು. ಇದು ಕನ್ನಡಿ ಇಲ್ಲದ್ದು. ಆದ್ರೆ ಷಟರ್ ಇದೆ, ಒಂಥರ ಪರದೆ. ಪ್ರತಿ ಫೋಟೋಗೂ ಅದು ಪಟ್ ಅಂತ ಮುಚ್ಚಿ ತೆಗೀಬೇಕು. ಸವೆಯೋದು ಅದೇ. ಲಕ್ಷ, ಒಂದೂವರೆ ಲಕ್ಷ ಸಲ ಬಡ್ಕೊಂಡ ಮೇಲೆ ಯಾವತ್ತು ನಿಲ್ಲುತ್ತೋ ಹೇಳಕ್ಕಾಗಲ್ಲ."

"ಕ್ಲಚ್ ಪ್ಲೇಟಿದ್ದ ಹಾಗೆ."

"ಹ್ಞಾಂ, ಹಂಗೇ ಅಂದ್ಕೊಳ್ಳಿ."

ಲೆನ್ಸಿಲ್ಲದೆಯೇ ಅವಳು ಗುಂಡಿ ಒತ್ತಿದಳು. ತೆಳ್ಳನೆಯ ಕಪ್ಪು ಪಟ್ಟಿಗಳು ಸರ್ರನೆ ಇಳಿದು ಮತ್ತೆ ಮಾಯವಾದವು. ಕಿವಿಯನ್ನು ಹತ್ತಿರ ತಂದು ಮತ್ತೆ ಒತ್ತಿದಳು. ಸಣ್ಣ ಟಾರ್ಚು ಹಿಡಿದು ಇಣುಕಿದಳು. ಅವಳ ಹುಬ್ಬು ಗಂಟಾಯಿತು. ಲೆನ್ಸು ಹಾಕಿ, ಅತಿ ಹೆಚ್ಚಿನ ವೇಗ ಇಟ್ಟು, ಬಿಳಿ ಗೋಡೆಯದೊಂದು ಫೋಟೋ ತೆಗೆದಳು. ಹಿಂದಿನ ಪರದೆಯಲ್ಲಿ ಗೋಡೆ ಮೂಡಿತು. ಒಂದು ಅಂಚಿನಲ್ಲಿ ಮಾತ್ರ ನೆರಳು ಬಿದ್ದಂತೆ ಮಸುಕು ಪಟ್ಟಿ. ನಿಧಾನಪ್ಪ ಎದ್ದು ಹೋಗಿ ಗೋಡೆ ನೋಡಿದ. ಗೋಡೆಯಲ್ಲಿ ನೆರಳಿರಲಿಲ್ಲ.

ಅವಳು ಈಗ ತೆಗೆದ ಫೋಟೋಗಳಷ್ಟೇ ಇದ್ದ ಮೆಮೊರಿ ಕಾರ್ಡು ತೆಗೆದು ತನ್ನ ಲ್ಯಾಪ್‌ಟಾಪಿಗೆ ಹಾಕಿ, ಅದೇನೋ ತೆರೆದು, ಪರದೆಯನ್ನು ಅವನ ಕಡೆ ತಿರುಗಿಸಿದಳು. ಸಾಲುಸಾಲು ಅಕ್ಷರಗಳ ನಡುವೆ ಒಂದು ಸಂಖ್ಯೆಯ ಮೇಲೆ ಬೆರಳಿಟ್ಟಳು. 1,18,240.

"ಹತ್ತು ಸಲ ಅಂದ್ರಿ ಅಂಕಲ್."

ನಿಧಾನಪ್ಪ ಕನ್ನಡಕ ಏರಿಸಿ ಓದಿದ. "ಏನಿದು?"

"ಇದುವರೆಗೂ ತೆಗೆದಿರೋ ಫೋಟೋ. ಒಂದು ಲಕ್ಷ ಹದಿನೆಂಟು ಸಾವಿರದ ಇನ್ನೂರ ನಲವತ್ತು. ನೋಡಿ, ನೀವು ವಯಸ್ಸಲ್ಲಿ ದೊಡ್ಡೋರು, ನಾನು ಜಗಳಕ್ಕೆ ಬಂದಿಲ್ಲ. ಆದ್ರೆ ನಿಜ ಹೇಳ್ಬಹುದಿತ್ತು."

ಅವನ ಮುಖ ಬಿಸಿಯಾಯಿತು. ಜೀವಮಾನದಲ್ಲಿ ಯಾರೂ ಅವನನ್ನು ಸುಳ್ಳುಗಾರ ಎಂದಿರಲಿಲ್ಲ. ಆ ಯಂತ್ರವೇ ತಪ್ಪು ಹೇಳುತ್ತಿರಬೇಕು ಎನ್ನಲು ಬಾಯಿ ತೆರೆದವನು, ಅರ್ಧಕ್ಕೇ ನಿಲ್ಲಿಸಿದ. ಗಾಡಿಯ ಕಿಲೋಮೀಟರನ್ನು ಹಿಂದಕ್ಕೆ ತಿರುಗಿಸುವ ಕಳ್ಳರನ್ನು ಅವನು ಕಂಡಿದ್ದ. ಮುಂದಕ್ಕೆ ತಿರುಗಿಸುವವನನ್ನು ಕಂಡಿರಲಿಲ್ಲ.

"ಇದು ನನ್ನ ಮಗಳದಮ್ಮ," ಎಂದ. "ಅವಳು ಈಗಿಲ್ಲ. ನಂಗೆ ಗೊತ್ತಿದ್ದದ್ದು ಅಷ್ಟೇ."

ಅವಳು ಲ್ಯಾಪ್‌ಟಾಪಿನ ಮುಚ್ಚಳ ಇಳಿಸಿದಳು. ಆಮೇಲೆ, "ನಾನು ಹಂಗೆ ಅನ್ನಬಾರದಾಗಿತ್ತು ಅಂಕಲ್," ಎಂದು ಮೆಲ್ಲಗೆ ಹೇಳಿ, ಕ್ಯಾಮೆರಾವನ್ನು ಮತ್ತೆ ಕೈಗೆತ್ತಿಕೊಂಡಳು. ಈ ಸಲ ಅವಳು ದೋಷ ಹುಡುಕುತ್ತಿರಲಿಲ್ಲ. "ಒಂದು ಮಾತು ಕೇಳ್ಲಾ? ಇಷ್ಟು ಓಡಿದ್ರೂ ಮೈಮೇಲೆ ಒಂದು ಗೀರಿಲ್ಲ, ಧೂಳಿಲ್ಲ, ಮರಳಿಲ್ಲ. ಬೀದಿ ಸುತ್ತಿದ ಕ್ಯಾಮೆರಾ ಅಲ್ಲ ಇದು. ಈ ರಬ್ಬರ್ ನೋಡಿ, ಬೆಳ್ಳಗಾಗಿದೆ, ಅಕ್ಷರ ಎಲ್ಲ ಅಳಿಸಿದೆ. ದಿನಾ ಸ್ಪಿರಿಟ್ ಹಾಕಿ ಒರೆಸಿದ ಹಾಗಿದೆ. ಲೆನ್ಸೂ ಹತ್ತಿರದ್ದನ್ನ ತೆಗೆಯೋ ಲೆನ್ಸು. ಅವರೇನಾದ್ರೂ ಆಸ್ಪತ್ರೆಲಿದ್ರಾ?"

"ಹೌದು. ದೊಡ್ಡಾಸ್ಪತ್ರೆಲಿ. ರೆಕಾರ್ಡ್ ಕೆಲಸ."

"ಯಾವ ಥರ ರೆಕಾರ್ಡು?"

ನಾಲ್ಕು ವರ್ಷ ಮಗಳು ಅದೇ ಕಪ್ಪು ಚೀಲ ಹೆಗಲಿಗೆ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದಳು. ಅದರಲ್ಲಿ ಬುತ್ತಿ ಇದೆ ಎಂದು ನಿಧಾನಪ್ಪ ಅಂದುಕೊಂಡಿದ್ದ. ರೆಕಾರ್ಡು ಎಂದರೆ ದಪ್ಪ ಪುಸ್ತಕ, ಕಡತ, ಸೀಲು ಎಂದು ತಾನೇ ಊಹಿಸಿಕೊಂಡು, ಅಲ್ಲಿಗೇ ಬಿಟ್ಟಿದ್ದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ತಿರುಗಿದ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

"ನಿಂಗೇನಾದ್ರೂ ಗೊತ್ತೇನೇ?"

"ಆಸ್ಪತ್ರೆಗೇ ಹೋಗಿ ಕೇಳಿ," ಎಂದು ಅವಳು ಒಳಗೆ ಹೋದಳು.

ಫೋಟೋದಾಕೆ ತನ್ನ ನಂಬರು ಬರೆದುಕೊಟ್ಟು ಹೊರಟಳು. ಕ್ಯಾಮೆರಾ ಬೇಡವೆಂದಲ್ಲ, ಷಟರ್ ಬದಲಾಯಿಸಿದರೆ ಇನ್ನೂ ಎಷ್ಟೋ ವರ್ಷ ಬರುತ್ತದೆ. ಮೊದಲು ನೀವು ವಿಚಾರಿಸಿಕೊಂಡು ಬನ್ನಿ, ಮಾರುವ ಮನಸ್ಸಿದ್ದರೆ ಆಮೇಲೆ ಹೇಳಿ ಎಂದಳು.

ಸೋಮವಾರ ಬೆಳಿಗ್ಗೆ ನಿಧಾನಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ದೊಡ್ಡಾಸ್ಪತ್ರೆಗೆ ಹೋದ. ಆ ಗೇಟಿನ ಮುಂದೆ ಸಾವಿರಾರು ಸಲ ಬಸ್ಸು ನಿಲ್ಲಿಸಿದ್ದನೇ ಹೊರತು ಒಳಗೆ ಕಾಲಿಟ್ಟಿರಲಿಲ್ಲ. ಮಗಳಿಗೆ ರಕ್ತದ ಕಾಯಿಲೆ ಎಂದು ಗೊತ್ತಾದ ಮೇಲೆ ಅವಳನ್ನು ಸೇರಿಸಿದ್ದು ಬೇರೆ ಊರಿನ ಆಸ್ಪತ್ರೆಗೆ. ಎರಡೇ ತಿಂಗಳಲ್ಲಿ ಎಲ್ಲ ಮುಗಿದಿತ್ತು. ಆಗ ಇಲ್ಲಿಂದ ಇಬ್ಬರು ಹೆಂಗಸರು ಮನೆಗೆ ಬಂದು, ಜೊತೆಗೆ ಕೆಲಸ ಮಾಡುತ್ತಿದ್ದೆವು ಎಂದು ಹೇಳಿ, ಅತ್ತು ಹೋಗಿದ್ದರು. ಯಾವ ಕೆಲಸ ಎಂದು ಅವರನ್ನೂ ಅವನು ಕೇಳಿರಲಿಲ್ಲ.

ರೆಕಾರ್ಡ್ ಕೋಣೆಯ ಗುಮಾಸ್ತ ಮಗಳ ಹೆಸರು ಕೇಳಿ, "ಅವರು ಇಲ್ಲಲ್ಲ ಸರ್, ಮೂರನೇ ಮಹಡಿ. ಸುಟ್ಟ ಗಾಯದ ವಾರ್ಡು," ಎಂದ.

ಮೆಟ್ಟಿಲು ಹತ್ತುವಷ್ಟರಲ್ಲಿ ಔಷಧಿಯ ವಾಸನೆ ದಟ್ಟವಾಯಿತು. ಹೆಡ್ ಸಿಸ್ಟರ್ ಅವನನ್ನು ನೋಡಿದ ಕೂಡಲೇ ಗುರುತು ಹಿಡಿದರು; ಮನೆಗೆ ಬಂದು ಹೋದ ಇಬ್ಬರಲ್ಲಿ ಅವರೊಬ್ಬರು. ಕೈ ತೊಳೆಸಿ, ಮೈಮೇಲೊಂದು ಹಸಿರು ನಿಲುವಂಗಿ ಹಾಕಿಸಿ, ಬಾಗಿಲ ಪಕ್ಕದ ಚಿಕ್ಕ ಕೋಣೆಗೆ ಕರೆದೊಯ್ದು ಕೂರಿಸಿದರು.

"ಇದೇ ಫೋಟೋ ಸಿಸ್ಟರ್ ಕೋಣೆ," ಎಂದರು. "ರೋಗಿಗಳೆಲ್ಲ ಅವಳನ್ನ ಹಾಗೇ ಕರೀತಿದ್ರು. ಸಿಸ್ಟರ್ ಅಲ್ಲ ಅಂದ್ರೂ ಕೇಳ್ತಿರಲಿಲ್ಲ."

ಮಗಳು ಮಾಡುತ್ತಿದ್ದದ್ದು ಗಾಯಗಳ ಫೋಟೋ ತೆಗೆಯುವ ಕೆಲಸ. ಸುಟ್ಟ ಚರ್ಮ ವಾರದಿಂದ ವಾರಕ್ಕೆ ಹೇಗೆ ಮಾಗುತ್ತಿದೆ, ಎಲ್ಲಿ ಕೀವಾಗುತ್ತಿದೆ, ಎಲ್ಲಿ ಹೊಸ ಚರ್ಮ ಹಚ್ಚಬೇಕು ಎನ್ನುವುದನ್ನೆಲ್ಲ ವೈದ್ಯರು ಆ ಫೋಟೋಗಳನ್ನು ಪಕ್ಕಪಕ್ಕ ಇಟ್ಟು ನೋಡಿ ತೀರ್ಮಾನಿಸುತ್ತಿದ್ದರು. ಆಸ್ಪತ್ರೆಯ ಕ್ಯಾಮೆರಾ ಕೆಟ್ಟು ಮೂಲೆ ಸೇರಿದ್ದರಿಂದ ಅವಳು ತನ್ನದನ್ನೇ ತಂದಿದ್ದಳು. ದಿನಕ್ಕೆ ನೂರು ಫೋಟೋ.

"ಗಾಯದ ಪಟ್ಟಿ ಬಿಚ್ಚುವಾಗ ಮಕ್ಕಳು ಕಿರುಚ್ತಾವೆ. ಅವಳು ಮೊದಲು ಕ್ಯಾಮೆರಾ ಅವರ ಕೈಗೇ ಕೊಟ್ಟು ನಂದೊಂದು ತೆಗಿ ಅಂತಿದ್ಲು. ಅವು ಅವಳ ಮೂಗೋ ಕಿವಿಯೋ ಏನೋ ಒಂದು ತೆಗೆದು ನಗೋವು. ಅಷ್ಟರಲ್ಲಿ ನಾವು ಪಟ್ಟಿ ಬಿಚ್ಚಿಬಿಡ್ತಿದ್ವಿ."

ನಿಧಾನಪ್ಪನಿಗೆ ಒಂದು ಸಂಜೆ ನೆನಪಾಯಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಗಳು ಊಟಕ್ಕೆ ಕೂತಾಗ, "ಅಪ್ಪ, ಇವತ್ತು ಒಂದು ಮಗು ಬಂದಿತ್ತು, ಬಿಸಿನೀರು ಬಿದ್ದು ಬೆನ್ನೆಲ್ಲ," ಎಂದು ಶುರುಮಾಡಿದ್ದಳು. ಇಡೀ ದಿನ ಬಿಸಿಲಲ್ಲಿ ಗಾಡಿ ಓಡಿಸಿ ಸೋತು ಬಂದಿದ್ದ ಅವನು, "ಊಟದ ಹೊತ್ತಲ್ಲಿ ಅದೆಲ್ಲ ಬೇಡ ಮರಿ," ಎಂದಿದ್ದ. ಬೈದಿರಲಿಲ್ಲ, ದನಿಯನ್ನೂ ಎತ್ತಿರಲಿಲ್ಲ. ಮಗಳು ಆಯ್ತಪ್ಪ ಎಂದು ತಟ್ಟೆ ನೋಡಿಕೊಂಡಿದ್ದಳು. ಮತ್ತೆಂದೂ ಆ ಮಾತು ತೆಗೆಯಲಿಲ್ಲ.

"ಅವಳು ತೆಗೆದದ್ದು ಒಂದಾದ್ರೂ ನೋಡ್ಬಹುದಾ?" ಎಂದು ಕೇಳಿದ.

ಅಷ್ಟರಲ್ಲಿ ವಾರ್ಡಿನ ಡಾಕ್ಟರಮ್ಮ ಬಂದು ನಿಂತಿದ್ದರು. ಕುರ್ಚಿ ಎಳೆದುಕೊಂಡು ಅವನ ಎದುರು ಕೂತರು. "ಎಲ್ಲ ಇವೆ. ಒಂದೂ ಕಳೆದಿಲ್ಲ. ಆದರೆ ತೋರಿಸೋ ಹಾಗಿಲ್ಲ. ಅವು ರೋಗಿಗಳ ಮೈ. ಅವರನ್ನ ಕೇಳದೆ ನಾನು ಯಾರಿಗೂ ತೋರಿಸಲ್ಲ. ನಿಮ್ಮ ಮಗಳು ಇದ್ದಿದ್ರೂ ತೋರಿಸ್ತಿರಲಿಲ್ಲ. ನನಗಿಂತ ಅವಳೇ ಬಿಗಿ ಆ ವಿಷಯದಲ್ಲಿ."

ಅವನು ತಲೆಯಾಡಿಸಿದ. ಅದು ಸರಿಯೇ ಎಂದು ಅವನಿಗೂ ಅನ್ನಿಸಿತು. ಏಳಲು ಹೋದ.

"ಡಾಕ್ಟ್ರೇ, ಬಣ್ಣದ ಪಟ್ಟಿಯವು ಇವೆಯಲ್ಲ," ಎಂದರು ಹೆಡ್ ಸಿಸ್ಟರ್.

ಡಾಕ್ಟರಮ್ಮ ಒಂದು ಕ್ಷಣ ಯೋಚಿಸಿ, "ಅವನ್ನ ತೋರಿಸಬಹುದು," ಎಂದರು.

ಗಾಯದ ಕೆಂಪು ನಿಜಕ್ಕೂ ಎಷ್ಟು ಕೆಂಪು ಎಂದು ತಿಳಿಯಬೇಕಾದರೆ ದಿನದ ಬೆಳಕನ್ನು ಮೊದಲು ಅಳೆಯಬೇಕು. ಅದಕ್ಕಾಗಿ ಮಗಳು ದಿನಾ ಬೆಳಿಗ್ಗೆ ಕೆಲಸ ಶುರುಮಾಡುವ ಮುಂಚೆ, ಬಣ್ಣದ ಚೌಕಗಳಿರುವ ಒಂದು ಅಂಗೈಯಗಲದ ಪಟ್ಟಿಯನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಅದರ ಫೋಟೋ ತೆಗೆಯುತ್ತಿದ್ದಳಂತೆ. ನಾಲ್ಕು ವರ್ಷ, ದಿನಕ್ಕೊಂದು. ಹೆಡ್ ಸಿಸ್ಟರ್ ಕಂಪ್ಯೂಟರಿನಲ್ಲಿ ಅವನ್ನು ತೆರೆದು, ಯಾವ ಗುಂಡಿ ಒತ್ತಿದರೆ ಮುಂದಿನದು ಬರುತ್ತದೆ ಎಂದು ತೋರಿಸಿ, ಬಾಗಿಲು ಅರೆ ಮುಚ್ಚಿ ಹೋದರು.

ಪರದೆಯ ಮೇಲೆ ಮಗಳ ಕೈ. ಮೂಲೆಯಲ್ಲಿ ತಾರೀಖು. ಕೆಲಸದ ಮೊದಲ ದಿನ. ಉಗುರಿಗೆ ಬಣ್ಣ ಹಚ್ಚಿಕೊಂಡಿದ್ದಳು. ಮರುದಿನ ಬಣ್ಣವಿರಲಿಲ್ಲ, ಯಾರೋ ಬೇಡ ಎಂದಿರಬೇಕು. ನಿಧಾನಪ್ಪ ಒಂದೊಂದಾಗಿ ಒತ್ತುತ್ತಾ ಹೋದ. ಹೆಬ್ಬೆರಳಿಗೆ ಶಾಯಿ. ಹೆಂಡತಿ ಹೆಣೆದ ನೀಲಿ ಸ್ವೆಟರಿನ ತೋಳು, ಆ ವರ್ಷದ ಚಳಿ. ಮಣಿಕಟ್ಟಿನಲ್ಲಿ ಅವನೇ ಕೊಡಿಸಿದ ಕೆಂಪು ಪಟ್ಟಿಯ ಗಡಿಯಾರ. ದೋಸೆಕಲ್ಲು ತಾಗಿದ್ದೋ ಏನೋ, ತೋರುಬೆರಳ ಬುಡದಲ್ಲೊಂದು ಚಿಕ್ಕ ಬೊಬ್ಬೆ. ಮುಂದಿನ ಫೋಟೋಗಳಲ್ಲಿ ಅದು ದಿನದಿಂದ ದಿನಕ್ಕೆ ಕಂದಿ, ಒಣಗಿ, ಇಲ್ಲವಾಯಿತು. ಎರಡು ವರ್ಷದ ಕೈ ಕಳೆಯಿತು. ಅವನಿಗೆ ಗೊತ್ತಿಲ್ಲದೆಯೇ ಮುಖದ ಮೇಲೊಂದು ನಗು ಬಂದು ಕೂತಿತ್ತು.

ಮೂರನೇ ವರ್ಷದ ಕೊನೆಗೆ ಕೈಯ ಹಿಂಬದಿಯಲ್ಲಿ ನಾಣ್ಯದಗಲದ ನೀಲಿ ಕಲೆ ಕಂಡಿತು. ಎಲ್ಲೋ ತಗುಲಿಸಿಕೊಂಡಿದ್ದಾಳೆ ಎಂದುಕೊಂಡ. ಅದು ಮಾಸುವ ಮೊದಲೇ ಇನ್ನೊಂದು, ಆಮೇಲೆ ಮೊಣಕೈಯತ್ತ ಮತ್ತೊಂದು. ಗಡಿಯಾರದ ಪಟ್ಟಿ ಒಂದು ತೂತು ಒಳಗೆ ಹೋಗಿತ್ತು. ಮೂರು ತಿಂಗಳಿಗೆ ಇನ್ನೊಂದು ತೂತು. ಆಮೇಲಾಮೇಲೆ ಗಡಿಯಾರವೇ ಇರಲಿಲ್ಲ. ಮಣಿಕಟ್ಟಿನ ಮೂಳೆ ಎದ್ದಿತ್ತು, ಕೈಯ ಮೇಲೆ ಹತ್ತಿಯುಂಡೆ ಇಟ್ಟು ಅಂಟುಪಟ್ಟಿ ಹಾಕಿತ್ತು. ತಾರೀಖು ನೋಡಿದ. ಅವನು ಅವಳ ಕಾಯಿಲೆಯ ಹೆಸರು ಕೇಳುವುದಕ್ಕೆ ಐದು ತಿಂಗಳು ಮೊದಲು.

ಹಿಂದಕ್ಕೆ ಹೋಗಿ ಆ ಮೊದಲ ನೀಲಿ ಕಲೆಯ ತಾರೀಖು ಹುಡುಕಿದ. ಹೆಸರು ಕೇಳುವುದಕ್ಕೆ ಒಂದು ವರ್ಷ ಮೊದಲು. ಆ ಒಂದು ವರ್ಷವೂ ಅದೇ ಕೈ ಬೆಳಿಗ್ಗೆ ಅವನ ಮುಂದೆ ಕಾಫಿ ಲೋಟ ಇಟ್ಟು ಹೋಗುತ್ತಿತ್ತು. ತುಂಬುತೋಳಿನ ಅಂಗಿ ಹಾಕಲು ಶುರುಮಾಡಿದ್ದಳು. ಅದನ್ನವನು ಗಮನಿಸಿದ್ದ. ಈಗಿನ ಹುಡುಗಿಯರ ಫ್ಯಾಷನ್ನು ಎಂದು ತಮಾಷೆಯನ್ನೂ ಮಾಡಿದ್ದ.

ಹೆಡ್ ಸಿಸ್ಟರ್ ಮತ್ತೆ ಬಂದಾಗ ಅವನು ಪರದೆಯಿಂದ ಕಣ್ಣು ತೆಗೆಯದೆ ಕೇಳಿದ: "ನಿಮಗೆ ಗೊತ್ತಿತ್ತಾ?"

"ರಕ್ತ ಪರೀಕ್ಷೆ ಇಲ್ಲೇ ಮಾಡಿಸಿದ್ವಿ. ಔಷಧಿನೂ ಇಲ್ಲೇ ಶುರುವಾಯ್ತು. ಮನೇಲಿ ಹೇಳಮ್ಮ ಅಂದೆ. ಅಮ್ಮನಿಗೆ ಹೇಳಿದೀನಿ ಅಂದಳು."

ಅವನು ಬಸ್ಸಿನಲ್ಲಿ ಮನೆಗೆ ಬಂದ. ಸೀಟು ಖಾಲಿಯಿದ್ದರೂ ಕೊನೆಯ ನಿಲ್ದಾಣದವರೆಗೆ ಕಂಬಿ ಹಿಡಿದು ನಿಂತೇ ಇದ್ದ.

ಹೆಂಡತಿ ಕಾಯುತ್ತಿದ್ದಳು. ಅವನು ಕೇಳುವ ಮೊದಲೇ ಅವಳೇ ಮಾತು ತೆಗೆದಳು. "ಹೇಳಬಾರದು ಅಂತ ಕೈ ಹಿಡ್ಕೊಂಡು ಮಾತು ತಗೊಂಡಿದ್ಲು. ಅಪ್ಪನ ಹಿಂದೆ ಅರವತ್ತು ಜನ ಕೂತಿರ್ತಾರೆ, ಅಪ್ಪನ ಮನಸ್ಸು ಅಲ್ಲಾಡಬಾರದು ಅಂದ್ಲು. ನಿಮ್ಮ ನಿವೃತ್ತಿಗೆ ಒಂದೂವರೆ ವರ್ಷ ಇತ್ತು. ಅಲ್ಲೀತನಕ ತಡೀತೀನಿ ಅಮ್ಮ, ಆಮೇಲೆ ನಾನೇ ಕೂತು ಹೇಳ್ತೀನಿ ಅಂದ್ಲು." ಅವಳು ಉಸಿರು ಎಳೆದುಕೊಂಡಳು. "ತಡೀಲಿಲ್ಲ."

"ನಾನು ರಜ ಹಾಕಿದ್ರೆ ಬಸ್ಸು ನಿಂತುಹೋಗ್ತಿತ್ತಾ?" ಎಂದ ನಿಧಾನಪ್ಪ. "ಊರಲ್ಲಿ ಬೇರೆ ಡ್ರೈವರ್ ಇರ್ಲಿಲ್ವಾ? ನಾನು ಅವಳಪ್ಪ ಅಲ್ವಾ?"

ಅವಳು ಒಳಗೆ ಹೋಗಿ ತಟ್ಟೆ ಹಾಕಿದಳು.

ಮೂರು ದಿನ ಅವನು ಹೆಂಡತಿಯ ಜೊತೆ ಮಾತಾಡಲಿಲ್ಲ. ಅವಳು ಬಡಿಸಿದ್ದನ್ನು ಉಂಡ, ಅಂಗಳ ಗುಡಿಸಿದ, ಗುಡಿಸಿದ್ದನ್ನೇ ಮತ್ತೆ ಗುಡಿಸಿದ. ಮೊದಲ ದಿನ ಕೋಪವೆಲ್ಲ ಅವಳ ಮೇಲಿತ್ತು. ಎರಡನೆಯ ದಿನ ಅದು ಮಗಳ ಕಡೆ ತಿರುಗಿತು, ಅಲ್ಲಿ ನಿಲ್ಲಲಾರದೆ ಅವನ ಕಡೆಗೇ ಬಂತು. ಮೂರನೆಯ ದಿನ ಮಧ್ಯಾಹ್ನ, ಹೆಂಡತಿ ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ಹಾಗೇ ಬಿಟ್ಟು ನಿಂತಿರುವುದನ್ನು ಕಂಡ. ನೀರು ಸುರಿಯುತ್ತಿತ್ತು, ಅವಳು ಅಲುಗಾಡುತ್ತಿರಲಿಲ್ಲ. ಒಂದಿಡೀ ವರ್ಷ ಇವಳು ಈ ಮನೆಯಲ್ಲಿ ಹೀಗೆ ಒಬ್ಬಳೇ ನಿಂತಿರಬೇಕು ಎಂದು ಅವನಿಗೆ ಆಗ ಹೊಳೆಯಿತು. ಹೋಗಿ ನಲ್ಲಿ ನಿಲ್ಲಿಸಿದ.

"ನಾಳೆ ನನ್ನ ಜೊತೆ ಬಾ," ಎಂದ.

ಅದೇ ಸಂಜೆ ಫೋಟೋದಾಕೆಯನ್ನು ಫೋನು ಮಾಡಿ ಕರೆಸಿ ಕ್ಯಾಮೆರಾ ಕೊಟ್ಟುಬಿಟ್ಟ. ತಿಳಿದುಬಂದದ್ದನ್ನೆಲ್ಲ ಹೇಳಿದ, ಷಟರ್ ಸವೆದಿದೆ ಎನ್ನುವುದನ್ನೂ ಇನ್ನೊಮ್ಮೆ ತಾನೇ ಹೇಳಿದ. ಅವಳು ಕ್ಯಾಮೆರಾವನ್ನು ಎರಡೂ ಕೈಯಲ್ಲಿ ತಗೊಂಡು, "ಚೆನ್ನಾಗಿ ನೋಡ್ಕೊಳ್ತೀನಿ ಅಂಕಲ್," ಎಂದಳು. ಅವನಿಗೆ ಅದರ ಮೇಲೆ ಆಸೆ ಉಳಿದಿರಲಿಲ್ಲ. ನೋಡಬೇಕಾದದ್ದು ಬೇರೆ ಕಡೆ ಇತ್ತು.

ಮರುದಿನ ಮೂರನೇ ಮಹಡಿಯ ಚಿಕ್ಕ ಕೋಣೆಯಲ್ಲಿ ಹಸಿರು ನಿಲುವಂಗಿ ತೊಟ್ಟು ಇಬ್ಬರೂ ಒಂದೇ ಬೆಂಚಿನಲ್ಲಿ ಕೂತರು. ನಿಧಾನಪ್ಪ ಗುಂಡಿ ಒತ್ತುತ್ತಾ ಹೋದ. ಹೆಂಡತಿ ಸೆರಗನ್ನು ಬಾಯಿಗೊತ್ತಿಕೊಂಡು ನೋಡಿದಳು. ಉಗುರಿನ ಬಣ್ಣ ಕಂಡಾಗ ನಕ್ಕಳು. ಸ್ವೆಟರು ಬಂದಾಗ, ತೋಳು ಉದ್ದವಾಗಿಬಿಟ್ಟಿತ್ತು, ಬಿಚ್ಚಿ ಹೆಣೆದುಕೊಡುತ್ತೇನೆಂದರೂ ಬಿಡಲಿಲ್ಲ ಎಂದಳು. ನೀಲಿ ಕಲೆಗಳು ಶುರುವಾದಾಗ ಪರದೆಯ ಹತ್ತಿರಕ್ಕೆ ಬಾಗಿದಳು.

ಹತ್ತಿಯುಂಡೆಯ ಮೇಲೆ ಅಂಟುಪಟ್ಟಿ ಹಾಕಿದ ಕೈ ಬಂದಾಗ, "ನಿಲ್ಲಿ," ಎಂದು ಅವನ ತೋಳು ಹಿಡಿದಳು.

"ಏನು?"

"ಈ ಪಟ್ಟಿ ನಾನೇ ಹಾಕಿದ್ದು. ಹಿಂದಿನ ದಿನ ಸೂಜಿ ಚುಚ್ಚಿದ ಜಾಗ, ಬೆಳಿಗ್ಗೆ ಎದ್ದಾಗ ಮತ್ತೆ ರಕ್ತ ಬರ್ತಿತ್ತು. ಅಡುಗೆಮನೇಲಿ ನಿಂತ್ಕೊಂಡು ಹಾಕ್ದೆ. ನೋಡಿ, ಸೊಟ್ಟಗಾಗಿದೆ."

ನಿಧಾನಪ್ಪ ಆ ಸೊಟ್ಟ ಪಟ್ಟಿಯನ್ನು ಬಹಳ ಹೊತ್ತು ನೋಡಿದ. "ನಾನೆಲ್ಲಿದ್ದೆ ಆಗ?"

"ಬಚ್ಚಲಲ್ಲಿ. ಗಡ್ಡ ಹೆರ್ಕೊಂಡು ಜೋರಾಗಿ ಹಾಡ್ತಿದ್ರಿ. ರಾಗ ಎಲ್ಲೋ, ತಾಳ ಎಲ್ಲೋ." ಅವಳು ಪರದೆಯ ಮೇಲಿನ ಆ ಪಟ್ಟಿಗೆ ಬೆರಳು ತಾಗಿಸಿದಳು. "ಅವಳಿಗೆ ನಗು ತಡೆಯಕ್ಕಾಗ್ತಿರಲಿಲ್ಲ. ಅಲ್ಲಾಡಬೇಡ ಕಣೇ ಅಂತ ನಾನು ಬೈತಾ ಇದ್ದೆ."

ಹೊರಗೆ ವಾರ್ಡಿನಲ್ಲಿ ಯಾವುದೋ ಮಗು ಅಳಲು ಶುರುಮಾಡಿತು. ಹೆಡ್ ಸಿಸ್ಟರ್ ಅದಕ್ಕೇನೋ ಹೇಳುವುದು ಕೇಳಿಸಿತು. ನಿಧಾನಪ್ಪ ಕನ್ನಡಕ ತೆಗೆದು ನಿಲುವಂಗಿಯ ಅಂಚಿನಿಂದ ಒರೆಸಿದ, ಮತ್ತೆ ಹಾಕಿಕೊಂಡ, ಮತ್ತೆ ತೆಗೆದ. ಹೆಂಡತಿ ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಹಾಗೇ ಹಿಡಿದುಕೊಂಡಳು. ಆ ಕೊನೆಯ ಕೆಲವು ತಿಂಗಳ ಫೋಟೋಗಳು ಇನ್ನೂ ಉಳಿದಿದ್ದವು. ಗುಂಡಿಯ ಮೇಲೆ ಈ ಸಲ ಬೆರಳಿಟ್ಟವಳು ಅವಳು.